ದೇವರ ಪಿಚ್ಚರ್ ಖರೆ, ಸಣ್ಣ ಹುಡುಗರಿಗೆ ಹೌದೇ?

"ದೇವರ ಪಿಚ್ಚರ್ ಐತಿ, ಅದೂ ಕಾರ್ಟೂನ್. ಹುಡುಗರನ್ನ ಕರಕೊಂಡು ಹೋಗಾಕ ಏನ್ ಅಡ್ಡಿ?" 2025ರ ಜುಲೈ 25ರಂದು 'ಮಹಾವತಾರ ನರಸಿಂಹ' ತೆರೆಗೆ ಬಂದಾಗ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಅನೇಕ ಕನ್ನಡ ಮನೆಗಳಲ್ಲಿ ಕೇಳಿಬಂದ ಮಾತು ಇದು. ಕಾರ್ಟೂನ್ ಅಂದರೆ ಮಕ್ಕಳದು, ದೇವರದು ಅಂದರೆ ಎಲ್ಲರದು ಎಂಬ ಎರಡು ನಂಬಿಕೆ ಈ ಒಂದೇ ಮಾತಿನಲ್ಲಿ ಸೇರಿಕೊಂಡಿವೆ. ಎರಡೂ ಅರ್ಧ ಖರೆ.

ಚಿತ್ರದ ಬಗ್ಗೆ ತಕರಾರಿಲ್ಲ. ಅಶ್ವಿನ್ ಕುಮಾರ್ ನಿರ್ದೇಶಿಸಿದ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಅನಿಮೇಷನ್ ಚಿತ್ರ ಕನ್ನಡ, ಹಿಂದಿ, ತೆಲುಗು, ತಮಿಳು, ಮಲಯಾಳದಲ್ಲಿ ಬಂದು 300 ಕೋಟಿ ರೂಪಾಯಿಗೂ ಹೆಚ್ಚು ಗಳಿಸಿತು. ಭಾರತದಲ್ಲಿ ತಯಾರಾದ ಅನಿಮೇಷನ್ ಚಿತ್ರಕ್ಕೆ ಇಷ್ಟು ಜನ ಹಿಂದೆ ಸೇರಿರಲಿಲ್ಲ. ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುವಂಥ ಚಿತ್ರ ಬರುವುದೇ ಅಪರೂಪವಾಗಿರುವಾಗ ಜನ ಮುಗಿಬಿದ್ದದ್ದು ಸಹಜ. ನೀರಾ ನರಸಿಂಗಪುರದ ನರಸಿಂಹನೇ ಕುಲದೇವರಾದ ಮನೆಗಳಿಗಂತೂ ಇದು ಸಿನಿಮಾಕ್ಕಿಂತ ದರ್ಶನವೇ ಆಯಿತು.

ಹಾಗಿದ್ದರೂ ಏಳು ವರ್ಷದೊಳಗಿನ ಕೂಸುಗಳಿಗೆ ಇಂಥ ಚಿತ್ರವನ್ನು ಟಾಕೀಸಿನಲ್ಲಿ ತೋರಿಸುವುದು ಸರಿಯಲ್ಲ. ನಾಲ್ಕು-ಐದು ವರ್ಷದವರಿಗೆ ಸುತರಾಂ ಅಲ್ಲ.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ವರಾಹ ಹಿರಣ್ಯಾಕ್ಷನನ್ನು ಕೊಲ್ಲುತ್ತಾನೆ, ಸಹೋದರನ ಸೇಡಿಗೆ ಹಿರಣ್ಯಕಶಿಪು ತಪಸ್ಸಿಗೆ ಕೂರುತ್ತಾನೆ, ಪ್ರಹ್ಲಾದ ಹುಟ್ಟುತ್ತಾನೆ. ಮುಂದೆ ಹುಡುಗನಿಗೆ ಕೊಡುವ ಹಿಂಸೆ, ಹೋಲಿಕಾ ಅವನನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಕಿಯಲ್ಲಿ ಕೂರುವುದು, ಕಡೆಗೆ ಕಂಬ ಒಡೆದು ನರಸಿಂಹ ಬರುವುದು, ಉದ್ದಾನುದ್ದ ಕಾಳಗ, ಉಗುರಿನಿಂದ ಹೊಟ್ಟೆ ಬಗೆಯುವುದು. ದೊಡ್ಡವರು ಇದನ್ನು ನೋಡುವಾಗ ಪ್ರಹ್ಲಾದನಿಗೆ ಏನೂ ಆಗುವುದಿಲ್ಲ ಎಂಬ ಭರವಸೆಯನ್ನು ಮನೆಯಿಂದಲೇ ತಂದಿರುತ್ತಾರೆ. ನಾಲ್ಕು ವರ್ಷದ ಕೂಸಿನ ಹತ್ತಿರ ಆ ಭರವಸೆ ಇಲ್ಲ. ಹೋಳಿ ಅಂದರೆ ಅದಕ್ಕೆ ಗೊತ್ತಿರುವುದು ಓಣಿಯ ಹುಡುಗರ ಜೊತೆ ಕುಳ್ಳು, ಕಟ್ಟಿಗೆ ಕದ್ದು ತಂದು ಕಾಮಣ್ಣನನ್ನು ಸುಡುವ ಮಜಾ. ಮರಾಠಿ ಶಾಲೆಗೆ ಹೋಗುವ ಅಣ್ಣ ಹೋಲಿಕಾ ಕಥೆ ಓದಿರಬಹುದು. ಕನ್ನಡ ಮನೆಯ ಸಣ್ಣ ಕೂಸಿಗೆ ಅದು ಹೊಸದು. ತೊಡೆಯ ಮೇಲೆ ಕೂಸು ಇಟ್ಟುಕೊಂಡ ಹೆಂಗಸು ಉರಿಯುವುದನ್ನು ಅದು ಮೊದಲ ಸಲ ನೋಡುವುದು ಇಲ್ಲೇ.

ರಕ್ತ, ಬೆಂಕಿಗಿಂತಲೂ ದೊಡ್ಡ ಮಾತು ಬೇರೆಯೇ ಇದೆ. ಇಲ್ಲಿ ಕೊಲ್ಲಿಸಲು ಹೊರಟವನು ಅಪ್ಪ. ರಾಕ್ಷಸ ಎಂದರೆ ಸಣ್ಣ ಹುಡುಗರು ಒಂದು ಲೆಕ್ಕದಲ್ಲಿ ಅಂಜುತ್ತಾರೆ, ಬೆಳಗಾದರೆ ಮರೆಯುತ್ತಾರೆ. ಅಪ್ಪ ಎಂದರೆ ಹಾಗಲ್ಲ. ಹೇಳಿದ ಮಾತು ಕೇಳಲಿಲ್ಲ ಎಂದು ಅಪ್ಪ ಸಿಟ್ಟಿಗೇಳುವುದು ಪ್ರತಿ ಮನೆಯಲ್ಲೂ ಇದೆ. ಹೆಸರು ಯಾಕೆ ತಗೋತೀ, ತಗೋಬ್ಯಾಡ ಅಂದರೂ ಹುಡುಗ ಕೇಳುವುದಿಲ್ಲ, ಅಪ್ಪ ಆನೆ ಬಿಡಿಸುತ್ತಾನೆ. ಇದನ್ನು ನೋಡಿದ ಕೂಸು ರಾತ್ರಿ ಅವ್ವನ ಸೆರಗು ಹಿಡಿದು ಕೇಳುವುದು ವಿಷ್ಣುವಿನ ಬಗ್ಗೆ ಇರಲಿಕ್ಕಿಲ್ಲ. "ಅಪ್ಪಗ ಭಾಳ ಸಿಟ್ಟು ಬಂದ್ರ ಹಿಂಗ ಮಾಡ್ತಾರೇನವ್ವಾ?" ಎಂದು ಕೇಳಿದರೆ ಏನು ಹೇಳಬೇಕೆಂದು ಕರೆದುಕೊಂಡು ಹೋಗುವ ಮೊದಲೇ ಯೋಚಿಸಿಟ್ಟ ಪಾಲಕರು ಎಷ್ಟು ಮಂದಿ? ಕುಡಿದು ಬಂದು ಹೊಡೆಯುವ ಅಪ್ಪ ಇರುವ ಮನೆಯ ಹುಡುಗನ ಪಾಡು ಇನ್ನೂ ಕಠಿಣ. ಅವನು ಕೇಳುವುದೂ ಇಲ್ಲ.

ಇದಕ್ಕೆ ಹಿರಿಯರ ಉತ್ತರ ಸಿದ್ಧ ಇದೆ. ಇದೇ ಕಥೆ ಅಜ್ಜಿ ಹೇಳಲಿಲ್ಲವೇ, ಬಯಲಾಟದಲ್ಲಿ ರಾತ್ರಿಯಿಡೀ ನೋಡಲಿಲ್ಲವೇ, ಯಾರು ಕೆಟ್ಟರು? 1983ರ 'ಭಕ್ತ ಪ್ರಹ್ಲಾದ'ದಲ್ಲಿ ಡಾ. ರಾಜಕುಮಾರ್ ಹಿರಣ್ಯಕಶಿಪು, ಅವರ ಮಗ ಪುನೀತ್ ಪ್ರಹ್ಲಾದ. ಗಡಿಯ ಎರಡೂ ಕಡೆ ಮನೆಮಂದಿಯೆಲ್ಲ ನೋಡಿ ಮೆಚ್ಚಿದ ಚಿತ್ರವದು.

ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಅಜ್ಜಿ ಕಥೆ ಹೇಳುವಾಗ ಹೊಟ್ಟೆ ಸೀಳುವುದು ಒಂದೇ ಒಂದು ಮಾತು. ಕೂಸಿನ ಮುಖ ಸಣ್ಣದಾದರೆ ಅವಳು ಅಲ್ಲಿಗೇ ನಿಲ್ಲಿಸುತ್ತಾಳೆ, "ಮುಂದ ನಾಳೆ, ಈಗ ಮಲಕೋ" ಎನ್ನುತ್ತಾಳೆ. ಬಯಲಾಟದಲ್ಲಿ ಕಂಬ ಒಡೆದು ಬರುವ ನರಸಿಂಹ ಹಗಲು ಹೊತ್ತು ಹೊಲದಲ್ಲಿ ದುಡಿಯುವ ಮಾಮಾ ಎಂದು ಹುಡುಗರಿಗೆ ಗೊತ್ತು. ಬಣ್ಣ ಹಚ್ಚಿಕೊಳ್ಳುವುದನ್ನು ಸಂಜೆಯೇ ಹಣಿಕಿ ಹಾಕಿ ನೋಡಿರುತ್ತಾರೆ. ರಾಜಕುಮಾರ್ ಎಂಥ ಆರ್ಭಟ ಮಾಡಿದರೂ ಅವರು ರಾಜಕುಮಾರ್. ಅನಿಮೇಷನ್‌ನಲ್ಲಿ ವೇಷದ ಒಳಗೆ ಮನುಷ್ಯ ಇಲ್ಲ. ಕೂಸಿನ ಪಾಲಿಗೆ ಅದು ಖರೇ ಸಿಂಹದ ಮುಖ. ತೆರೆ ತುಂಬ ಇದೆ, ಕತ್ತಲೆ ಇದೆ, ಎದೆ ನಡುಗಿಸುವ ಸದ್ದು ಇದೆ. ನಿಲ್ಲಿಸು ಎಂದರೆ ನಿಲ್ಲಿಸುವವರಿಲ್ಲ.

"ನರಸಿಂಹ ಒಳ್ಳೆಯವನು, ಪ್ರಹ್ಲಾದನ್ನ ಉಳಿಸಾಕ ಬಂದಾನ" ಎಂದು ಕಿವಿಯಲ್ಲಿ ಹೇಳಿದರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಜೋಆನ್ ಕ್ಯಾಂಟರ್ ಎಂಬ ಸಂಶೋಧಕಿ ಮಕ್ಕಳ ಭಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅಲ್ಲಿ 'ಇನ್‌ಕ್ರೆಡಿಬಲ್ ಹಲ್ಕ್' ಎಂಬ ಟಿವಿ ಧಾರಾವಾಹಿ ಇತ್ತು. ಅದರ ನಾಯಕ ಸಿಟ್ಟು ಬಂದಾಗ ಹಸಿರು ಮೈಯ ದೈತ್ಯನಾಗಿ ಬದಲಾಗಿ ಜನರನ್ನು ಕಾಪಾಡುತ್ತಾನೆ. ಶಾಲೆಗೆ ಹೋಗದ ವಯಸ್ಸಿನ ಕೂಸುಗಳು ಹೆಚ್ಚು ಅಂಜಿದ್ದು ಈ ಕಾಪಾಡುವವನನ್ನೇ ನೋಡಿ, ಅವನು ಬದಲಾದ ಮೇಲೆ. ದೊಡ್ಡ ಹುಡುಗರು ಅಂಜಿದ್ದು ಅದಕ್ಕಿಂತ ಮೊದಲು, ಮುಂದೆ ಏನಾದೀತೋ ಎಂಬ ಕಾಳಜಿಯಿಂದ. ಅಂದರೆ ಸಣ್ಣವರಿಗೆ ಕಾಣಿಸಿದ್ದೇ ಸತ್ಯ. ಮುಖ ಭಯಂಕರವಾಗಿದ್ದರೆ ಒಳಗಿನ ಒಳ್ಳೆಯತನ ಅವರಿಗೆ ಮುಟ್ಟುವುದಿಲ್ಲ. ಉಗ್ರರೂಪದ ಒಳಗಿನ ಕರುಣೆಯೇ ನರಸಿಂಹ ಅವತಾರದ ಸಾರ. ಐದರ ಕೂಸಿಗೆ ತಪ್ಪಿಹೋಗುವುದು ಅದೇ.

ಗಡಿ ಭಾಗದ ಮನೆಗಳಿಗೆ ಇದರ ಮೇಲೆ ಭಾಷೆಯದೊಂದು ತೊಡಕು. ಚಿತ್ರ ಕನ್ನಡದಲ್ಲಿ ಬಂದಿತ್ತು ನಿಜ, ಆದರೆ ಸೊಲ್ಲಾಪುರದ ಟಾಕೀಸಿಗೆ ಹೋಗುವವರು ಸಾಮಾನ್ಯವಾಗಿ ನೋಡುವುದು ಹಿಂದಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಕೇಳಿ ಬೆಳೆದ ಬಾಲವಾಡಿ ಕೂಸಿಗೆ ಆ ಸಂಸ್ಕೃತಭರಿತ ಹಿಂದಿ ಏನು ತಿಳಿದೀತು? ಪ್ರಹ್ಲಾದ ಅಂಜದೆ ಆಡುವ ಮಾತು, ತಾಯಿ ಕಯಾಧು ಹೇಳುವ ಸಮಾಧಾನ ಎಲ್ಲ ಕಿವಿಯ ಪಕ್ಕ ಹಾದುಹೋಗುತ್ತವೆ. ಕೂಸಿನ ಪಾಲಿಗೆ ಉಳಿಯುವುದು ಬೆಂಕಿ ಮತ್ತು ಗರ್ಜನೆ. ಜತ್ತದವರು ವಿಜಯಪುರಕ್ಕೆ, ಅಕ್ಕಲಕೋಟದವರು ಕಲಬುರಗಿಗೆ ಹೋಗಿ ಕನ್ನಡದಲ್ಲೇ ತೋರಿಸಬೇಕೆಂದರೆ ಬಸ್ಸಿನ ಚಾರ್ಜು, ಇಡೀ ದಿನದ ಹೊತ್ತು.

ಸೆನ್ಸಾರ್ ಸರ್ಟಿಫಿಕೇಟ್ ಇದೆಯಲ್ಲ ಎನ್ನುವವರೂ ಇದ್ದಾರೆ. 2023ರಲ್ಲಿ ಕಾಯ್ದೆ ತಿದ್ದುಪಡಿಯಾಗಿ 'ಯುಎ' ವರ್ಗವನ್ನು 7+, 13+, 16+ ಎಂದು ಒಡೆಯಲಾಗಿದೆ. ಮೊದಲು ಹನ್ನೆರಡರ ಒಂದೇ ಗೆರೆ ಇತ್ತು. ಇದು ಪಾಲಕರಿಗೆ ಕೊಡುವ ಸೂಚನೆ ಮಾತ್ರ. 'ಎ' ಚಿತ್ರಕ್ಕೆ ತಡೆದಂತೆ ಇಲ್ಲಿ ಗೇಟಿನಲ್ಲಿ ಯಾರೂ ತಡೆಯುವುದಿಲ್ಲ, ತಡೆಯುವ ಅಧಿಕಾರವೂ ಇಲ್ಲ. ಪೋಸ್ಟರಿನ ಮೂಲೆಯ ಆ ಅಂಕಿಯನ್ನು ಟಿಕೆಟ್ ತೆಗೆಯುವ ಮೊದಲು ಓದಬೇಕಾದವರು ಅಪ್ಪ-ಅವ್ವನೇ.

ಹಾಗಂತ ಸಣ್ಣವರಿಗೆ ಪ್ರಹ್ಲಾದ ಬೇಡವೆಂದಲ್ಲ. ಕಥೆ ಮೊದಲು ಬಾಯಿಂದ ಬರಲಿ, ಮನೆಯ ಕನ್ನಡದಲ್ಲಿ. ಎಂಟು-ಹತ್ತರವರಿಗೆ ಚಿತ್ರ ತೋರಿಸುವವರು ಅಪ್ಪನ ಸಿಟ್ಟಿನ ಮಾತನ್ನು ಹೋಗುವ ಮುಂಚೆಯೇ ಆಡಿಬಿಡಲಿ. ಚಿತ್ರ ನಂತರ ಒಟಿಟಿಗೂ ಬಂದಿರುವುದರಿಂದ ಪಾಲಕರೇ ಒಮ್ಮೆ ನೋಡಿ, ಹುಡುಗರಿಗೆ ದೀಪ ಹಚ್ಚಿಟ್ಟು, ಸದ್ದು ಇಳಿಸಿ, ಬೇಕಾದಲ್ಲಿ ನಿಲ್ಲಿಸಿ ತೋರಿಸಬಹುದು. ಟಾಕೀಸಿಗೆ ಹೋಗಿದ್ದಾಗ ಕೂಸು ಅತ್ತರೆ ಎದ್ದು ಹೊರಗೆ ಬರಬೇಕು, ಅಷ್ಟೇ. ಟಿಕೆಟಿನ ರೊಕ್ಕ ಹೋಯಿತೆಂದು ಕಣ್ಣು ಮುಚ್ಚಿಸಿ ಕೂರಿಸುವವರೇ ಹೆಚ್ಚು. ಕಣ್ಣು ಮುಚ್ಚಿದರೂ ಕಿವಿ ಕೇಳುತ್ತಲೇ ಇರುತ್ತದೆ.

ಈ ಸರಣಿಯಲ್ಲಿ ಒಟ್ಟು ಏಳು ಚಿತ್ರಗಳನ್ನು ನಿರ್ಮಾಪಕರು ಪ್ರಕಟಿಸಿದ್ದಾರೆ. ನರಸಿಂಹನ ನಂತರದ ಸರದಿ ಪರಶುರಾಮನದು. ಅಪ್ಪನ ಮಾತಿಗೆ ಅವ್ವನ ತಲೆ ಕಡಿದ ಮಗನ ಕಥೆ. ಎಲ್ಲಮ್ಮನ ಜಗ ಪೂಜಿಸುವ ಮನೆಗಳು ಗಡಿಯ ಈಚೆ ಓಣಿಗೊಂದಿವೆ. ಅಲ್ಲಿಯ ಕೂಸುಗಳು ಆ ಚಿತ್ರ ನೋಡಿ ಬಂದು ಏನು ಕೇಳಬಹುದೆಂದು ಈಗಿನಿಂದಲೇ ಯೋಚಿಸಲು ಹೊತ್ತಿದೆ.