ಕರಾವಳಿ ಸುತ್ತಿ ಬನ್ನಿ, ಕನ್ನಡ ಎಲ್ಲಿದೆಯೆಂದು ನೋಡಿ ಬನ್ನಿ!



ರಜೆ ಬಂತೆಂದರೆ ಗಂಡ ಹೆಂಡತಿ ಗಂಟುಮೂಟೆ ಕಟ್ಟಿ ಕರಾವಳಿಗೆ ಹೊರಡುತ್ತೀರಿ. ಬೇಕಲ ಕೋಟೆ, ಮಂಗಳೂರಿನ ಮೀನೂಟ, ಉಡುಪಿಯ ಕೃಷ್ಣ, ಗೋಕರ್ಣದ ಕಡಲು, ಕಾರವಾರದ ಸೂರ್ಯಾಸ್ತ. ಫೋಟೋ ಹೊಡೆದುಕೊಂಡು ವಾಪಸ್ಸು ಬರುತ್ತೀರಿ. ಹೋಗಿ, ಬೇಡವೆನ್ನುವವರಾರು? ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಇಡೀ ಪ್ರವಾಸದಲ್ಲಿ ಎಷ್ಟು ಸಲ ಕನ್ನಡದಲ್ಲಿ ಕೇಳಿದಿರಿ? ಎಷ್ಟು ಸಲ ಎದುರಿನವನು ಬಾಯಿ ತೆರೆಯುವ ಮುಂಚೆಯೇ ನೀವಾಗಿ ಹಿಂದಿಗೋ ಇಂಗ್ಲಿಷಿಗೋ ಇಳಿದಿರಿ?

ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಮೊದಲು ತಲೆ ತಗ್ಗಿಸಬೇಕಾದವನು ನಾನೇ. ಅದನ್ನು ಮುಂದೆ ಹೇಳುತ್ತೇನೆ.

ನಾನು ತುಮಕೂರು ಕಡೆಯವನು. ನನ್ನಾಕೆ ಚಂದ್ರಗಿರಿ ಹೊಳೆಯ ಉತ್ತರದವಳು, ಕಾಸರಗೋಡಿನ ನೆಲದವಳು. ಮನೆಮಾತು ತುಳು, ಓದುಬರಹ ಕನ್ನಡ. ಈಚೆಗೆ ಇಬ್ಬರೂ ಅವಳ ಊರಿನಿಂದ ಹೊರಟು ಕಾರವಾರದವರೆಗೆ ಹೋಗಿಬಂದೆವು.

ಮೊದಲು ನೋಡಿದ್ದು ಅವಳು ಕಲಿತ ಕನ್ನಡ ಶಾಲೆ. ಕನ್ನಡ ಮಾಧ್ಯಮದ ತರಗತಿ, ಮಕ್ಕಳ ಕೈಯಲ್ಲಿ ಕನ್ನಡ ಪುಸ್ತಕ, ಆದರೆ ಗಣಿತ ಹೇಳಿಕೊಡಲು ಬಂದವರಿಗೆ ಕನ್ನಡ ಬಾರದು! "ಮತ್ತೆ ಹೇಗಮ್ಮಾ ಕಲಿಯುತ್ತೀರಿ?" ಎಂದು ನನ್ನಾಕೆ ಕೇಳಿದಳು. "ಮನೆಗೆ ಹೋಗಿ ಪುಸ್ತಕ ನೋಡಿ ನಾವೇ ಕಲಿಯುತ್ತೇವೆ" ಎಂದಿತು ಒಂದು ಹುಡುಗಿ. ಆ ಮಗು ಅಳಲಿಲ್ಲ, ದೂರಲೂ ಇಲ್ಲ. ಅಳಬೇಕಾದವರು ನಾವು.

ಇದು ಯಾವ ನೆಲ ಸ್ವಾಮಿ? ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರ ಇರುವ ನೆಲ. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ, ಕಾಸರಗೋಡು ಕನ್ನಡನಾಡಿಗೆ ಸೇರಲೆಂದು ಕೊನೆಯವರೆಗೂ ಹಂಬಲಿಸಿ, 2015ರಲ್ಲಿ ಕಣ್ಣು ಮುಚ್ಚಿದ ನೆಲ. 1956ರ ನವೆಂಬರ್ 1ರಂದು ನಾವು ರಾಜ್ಯೋದಯದ ಸಂಭ್ರಮದಲ್ಲಿದ್ದಾಗ ಈ ನೆಲ ಕೇರಳದ ಪಾಲಾಯಿತು. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ವರದಿ ಕೊಟ್ಟಿತು. ವರದಿ ಧೂಳು ತಿನ್ನುತ್ತ ಕೂತಿತು. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲೆಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಬೆಂಗಳೂರಿನಲ್ಲಿ ಕೂತ ನಾವೆಷ್ಟು ಜನ ಇಳಿದೆವು?

ಮಲೆಯಾಳಿಗಳನ್ನು ದೂರಬೇಡಿ. ಅವರು ತಮ್ಮ ಭಾಷೆಯನ್ನು ಕಾಯುತ್ತಾರೆ. ನಮ್ಮದನ್ನು ಕಾಯಬೇಕಾದವರು ನಾವು. ಬೇಕಲ ಕೋಟೆಗೆ ಹೋಗಿ ಫೋಟೋ ಹೊಡೆದುಕೊಳ್ಳುವ ನಿಮಗೆ, ಆ ಕೋಟೆ ಕೆಳದಿಯ ಅರಸರದೆಂಬುದಾದರೂ ನೆನಪಿದೆಯೇ?

ಗಡಿ ದಾಟಿ ಮಂಗಳೂರಿಗೆ ಬಂದರೆ ಎದೆಯುಬ್ಬಿಸಿ ನಡೆಯಬಹುದು ಅಂದುಕೊಂಡಿರಾ? ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಹುಟ್ಟಿಸಿದವರು ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್. ಇನ್ನೊಬ್ಬ ಜರ್ಮನ್ ಪಾದ್ರಿ ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಏಳು ಕಡಲು ದಾಟಿ ಬಂದವರು ಕನ್ನಡ ಕಲಿತು ನಿಘಂಟು ಬರೆದರು. ಇಂದು ವರ್ಗವಾಗಿ ಬರುವ ಅಧಿಕಾರಿಗೆ ಮೂರು ವರ್ಷದಲ್ಲಿ "ಏನು ಬೇಕಮ್ಮಾ?" ಎಂದು ಕೇಳಲು ಕಲಿಯಲಾಗದೆ?

ಈಗ ನನ್ನ ನಾಚಿಕೆಯ ಕಥೆ. ಉಡುಪಿ ದಾಟಿ ಒಂದು ಸಣ್ಣ ಊರು. ಕೈಯಲ್ಲಿ ದುಡ್ಡು ಮುಗಿದಿತ್ತು, ಒಂದು ಬ್ಯಾಂಕಿಗೆ ಹೋದೆವು. ಕೌಂಟರಿನ ಮುಂದೆ ಮೀನು ಮಾರುವ ಮುದುಕಿಯೊಬ್ಬಳು ಚೀಟಿ ಹಿಡಿದು ನಿಂತಿದ್ದಳು. ಚೀಟಿಯಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಕನ್ನಡ ಇಲ್ಲ. ಒಳಗಿನವನು "ಹಿಂದಿ ಮೇ ಬೋಲೋ" ಅಂದ. ನಾನೇನು ಮಾಡಿದೆ ಗೊತ್ತೇ? ದೊಡ್ಡ ಉಪಕಾರ ಮಾಡುವವನಂತೆ ಮುಂದೆ ನುಗ್ಗಿ, ಅಜ್ಜಿಯ ಮಾತನ್ನು ಹರಕು ಹಿಂದಿಯಲ್ಲಿ ಅವನಿಗೆ ಹೇಳತೊಡಗಿದೆ! ನನ್ನಾಕೆ ನನ್ನ ತೋಳು ಹಿಡಿದು ಹಿಂದಕ್ಕೆಳೆದಳು. "ನೀವು ಸುಮ್ಮನಿರಿ. ಅಜ್ಜಿ ಅವಳ ಊರಿನಲ್ಲಿ ನಿಂತಿದ್ದಾಳೆ. ಭಾಷೆ ಕಲಿಯಬೇಕಾದವನು ಅವನು" ಎಂದು, ಮ್ಯಾನೇಜರ ಮುಂದೆ ಹೋಗಿ ನಿಂತಳು. ಕನ್ನಡ ಚೀಟಿ ಬೇಕೆಂದಳು. ಹತ್ತು ನಿಮಿಷದಲ್ಲಿ ಕಪಾಟಿನಿಂದ ಕನ್ನಡ ಚೀಟಿಯ ಕಟ್ಟು ಹೊರಬಂತು. ಕಟ್ಟಿದ ದಾರವನ್ನೇ ಬಿಚ್ಚಿರಲಿಲ್ಲ!

ಕನ್ನಡ ಇರಲಿಲ್ಲವೆಂದಲ್ಲ ಬಂಧುಗಳೇ, ಇತ್ತು. ಕೇಳುವವರಿರಲಿಲ್ಲ!

ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ಕು ಇವೆಲ್ಲ ಇಂಗ್ಲಿಷ್ ಹಿಂದಿಗಳ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಜರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದೆಂದೂ ಹೇಳಿದೆ. ನಿಮ್ಮಲ್ಲಿ ಎಷ್ಟು ಜನ ಬರೆದಿದ್ದೀರಿ?

ಇನ್ನೂ ಕೇಳಿ. ದೇಶಕ್ಕೆ ಬ್ಯಾಂಕು ನಡೆಸುವುದನ್ನು ತೋರಿಸಿಕೊಟ್ಟ ಕರಾವಳಿ ಇದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಯೋಜನೆ ತಂದು, ಬಡವರ ಮನೆಬಾಗಿಲಲ್ಲಿ ದಿನಕ್ಕೆ ಎರಡಾಣೆ ಕೂಡಿಸಿ ಬ್ಯಾಂಕು ಬೆಳೆಸಿದರು. ಆ ಎರಡಾಣೆ ಕೇಳಿದ ಭಾಷೆ ಹಿಂದಿಯೇ? ಮನೆಮನೆಯ ತುಳು, ಕೊಂಕಣಿ, ಕನ್ನಡ! 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಕರಗಿತು. 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಕೆನರಾದಲ್ಲಿ ಕರಗಿದವು. ಅಜ್ಜಅಜ್ಜಿಯರು ಕಟ್ಟಿದ ಮನೆಯ ನಾಮಫಲಕ ಕಳಚಿ ಬೀಳುವಾಗ ನಾವು ಬೀಚಿನಲ್ಲಿ ಚುರುಮುರಿ ತಿನ್ನುತ್ತಿದ್ದೆವು.

ಉಡುಪಿಯಿಂದ ಕಾರವಾರಕ್ಕೆ ಕೊಂಕಣ ರೈಲು ಹತ್ತುತ್ತೀರಲ್ಲ, ಕಿಟಕಿಯ ಪಕ್ಕ ಕೂತು ಇದನ್ನು ನೆನಪಿಡಿ. 1990ರಲ್ಲಿ ಆ ನಿಗಮ ಹುಟ್ಟಿದಾಗ ಬಂಡವಾಳದಲ್ಲಿ ಕರ್ನಾಟಕದ ಪಾಲು ನೂರಕ್ಕೆ 15. ಅದರ ಹಿಂದೆ ನಿಂತ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್ ಮಂಗಳೂರಿನ ಮಗ. ಹಳಿಗೆ ಭೂಮಿ ಕೊಟ್ಟವರಲ್ಲಿ ನಮ್ಮ ರೈತರೂ ಇದ್ದಾರೆ. ನೀವು ಅಲ್ಲಿ ಭಿಕ್ಷುಕರಲ್ಲ, ಪಾಲುದಾರರು. ಪಾಲುದಾರ ತನ್ನ ಭಾಷೆಯಲ್ಲಿ ಟಿಕೆಟ್ ಕೇಳಲು ಅಂಜಬೇಕೆ?

ಕೊನೆಗೆ ಕಾರವಾರ. ಮಹಾರಾಷ್ಟ್ರ ತನಗೆ ಸೇರಬೇಕೆಂದು ಬಹುಕಾಲದಿಂದ ಕೇಳುತ್ತಿರುವ ಊರು. ಅಲ್ಲಿನ ಕೊಂಕಣಿಗರು, ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು, ತುಳುವರು, ಎಲ್ಲರೂ ಮನೆಯಲ್ಲಿ ತಮ್ಮ ಮಾತಾಡಿಕೊಂಡೇ ಕನ್ನಡದ ಜೊತೆ ಬಾಳಿದವರು. ಅವರ ಮನೆಮಾತಿಗೆ ಗೌರವ ಕೊಡಿ. ಅವರು ಕನ್ನಡದ ವೈರಿಗಳಲ್ಲ. ಗಡಿಯಲ್ಲಿ ಕನ್ನಡ ಉಳಿದಿದ್ದರೆ ಅವರಿಂದಲೇ ಉಳಿದಿದೆ. ನನಗೆ ಪಾಠ ಹೇಳಿದವಳೂ ತುಳುವತಿಯೇ ಅಲ್ಲವೇ!

ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕೆಂದು 2024ರಲ್ಲಿ ಕಾಯಿದೆಗೆ ತಿದ್ದುಪಡಿ ಬಂದಿದೆ. ಕಾಯಿದೆ ಕಾಗದದಲ್ಲಿದೆ. ಅದಕ್ಕೆ ಜೀವ ಕೊಡುವುದು ನಿಮ್ಮ ನಾಲಿಗೆ.

ಆದ್ದರಿಂದ ಮುಂದಿನ ರಜೆಗೆ ಗಂಡ ಹೆಂಡತಿ ಇಬ್ಬರೂ ಈ ಪಣ ತೊಟ್ಟು ಹೊರಡಿ. ಹೋಟೆಲಿರಲಿ, ಬ್ಯಾಂಕಿರಲಿ, ರೈಲ್ವೆ ಸ್ಟೇಷನ್ನಿರಲಿ, ಮೊದಲ ಮಾತು ಕನ್ನಡ. ಉತ್ತರ ಬಾರದಿದ್ದರೆ ಎರಡನೆಯ ಮಾತೂ ಕನ್ನಡ. ಕನ್ನಡ ಚೀಟಿ ಇಲ್ಲವೆಂದರೆ ದೂರು ಪುಸ್ತಕ ಕೇಳಿ, ಕನ್ನಡದಲ್ಲೇ ದೂರು ಬರೆದು ಬನ್ನಿ. ಜಗಳ ಬೇಡ, ಕೈ ಎತ್ತುವುದು ಬೇಡ. ಆದರೆ ಜಾಗ ಬಿಟ್ಟು ಕದಲಬೇಡಿ! ಕಾಸರಗೋಡಿಗೆ ಹೋದರೆ ಕೋಟೆ ನೋಡುವ ಮುನ್ನ ಒಂದು ಕನ್ನಡ ಶಾಲೆಯ ಬಾಗಿಲು ತಟ್ಟಿ, ಆ ಮಕ್ಕಳೊಂದಿಗೆ ಕನ್ನಡದಲ್ಲಿ ನಾಲ್ಕು ಮಾತಾಡಿ. ತಮ್ಮ ಹಿಂದೆ ಒಂದು ನಾಡಿದೆಯೆಂದು ಅವರಿಗೆ ಗೊತ್ತಾಗಲಿ.

ಪುಸ್ತಕ ನೋಡಿ ತಾನೇ ಕಲಿಯುವ ಆ ಹುಡುಗಿ ಕನ್ನಡ ಬಿಟ್ಟಿಲ್ಲ. ಎಲ್ಲ ಇದ್ದೂ ಬಿಟ್ಟವರು ನಾವು. ಏಳಿ ಕನ್ನಡಿಗರೇ, ಬಾಯಿ ತೆರೆಯಿರಿ!

ಸಿರಿಗನ್ನಡಂ ಗೆಲ್ಗೆ!