ನಮ್ಮ ಗೋಡೆ ಕಟ್ಟಿದವರ ನೆತ್ತರಿಗೆ ನಾವೂ ಹೊಣೆ

ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಯ ನನ್ನ ಕನ್ನಡ ಬಂಧುಗಳೇ, ಮಳೆಗಾಲ ಬಂತೆಂದರೆ ನಾವು ಕಿಟಕಿಯ ಜಾಳಿಗೆ ಸರಿಪಡಿಸಿಕೊಳ್ಳುತ್ತೇವೆ, ಮಕ್ಕಳ ಕೋಣೆಗೆ ಸೊಳ್ಳೆ ಓಡಿಸುವ ಮದ್ದು ತರುತ್ತೇವೆ, ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತೇವೆ. ಎದುರಿನ ಅರೆಕಟ್ಟಡದಲ್ಲಿ, ಬಾಗಿಲೂ ಇಲ್ಲದ ಕಿಟಕಿಯೂ ಇಲ್ಲದ ಕೋಣೆಯ ಬರಿನೆಲದ ಮೇಲೆ, ಸೇಡಂನಿಂದಲೋ ಇಂಡಿಯಿಂದಲೋ ಸುರಪುರದಿಂದಲೋ ಬಂದ ತಾಯಿಯೊಬ್ಬಳು ನಮ್ಮದೇ ಮಾತಿನಲ್ಲಿ ಮಗುವನ್ನು ಸಮಾಧಾನ ಮಾಡುತ್ತಿರುತ್ತಾಳೆ, ಪಕ್ಕದಲ್ಲಿ ಅವಳ ಗಂಡ ಎರಡು ಗೋಣಿಚೀಲ ಹೊದ್ದರೂ ನಿಲ್ಲದ ನಡುಕದಲ್ಲಿ ಮುದುಡಿರುತ್ತಾನೆ. ಇದು ನಿಮಗೆ ಗೊತ್ತಿಲ್ಲದ ಮಾತಲ್ಲ.

ಆ ಮೈಯೊಳಗೆ ನಡೆಯುವುದನ್ನು ಒಂದು ಗಳಿಗೆ ನನ್ನೊಡನೆ ನೋಡಿ. ಹೆಣ್ಣು ಅನಾಫಿಲಿಸ್ ಸೊಳ್ಳೆಯ ಜೊಲ್ಲಿನೊಂದಿಗೆ ಒಳಬಂದ ಮಲೇರಿಯಾ ಪರೋಪಜೀವಿ ಮೊದಲು ಯಕೃತ್ತಿನಲ್ಲಿ ಅಡಗಿ, ಒಂದೆರಡು ವಾರ ಸದ್ದಿಲ್ಲದೆ ಸಾವಿರಾರಾಗಿ ಬೆಳೆದು, ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಕೆಂಪು ರಕ್ತಕಣವನ್ನು ಹೊಕ್ಕು, ಅದರ ಹಿಮೋಗ್ಲೋಬಿನ್ ತಿಂದು ಬಲಿತು, ಒಂದಿದ್ದದ್ದು ಹತ್ತಾರಾಗಿ, ಸುಮಾರು 48 ಗಂಟೆಗೊಮ್ಮೆ ಆ ಕಣವನ್ನೇ ಒಡೆದುಕೊಂಡು ಹೊರಬಂದು ಹೊಸ ಕಣಗಳನ್ನು ಹಿಡಿಯುತ್ತದೆ. ಕಣಗಳು ಹೀಗೆ ಒಡೆಯುವ ಹೊತ್ತೇ ಮೈ ನಡುಗುವ ಹೊತ್ತು. ಆ ನಡುಕ ಕಣ್ಣಿಗೆ ಕಾಣುತ್ತದೆ. ಆದರೆ ಕೆಲವು ಪರೋಪಜೀವಿಗಳು ಹಾಗೆ ಒಡೆಯದೆ, ಗಂಡು ಹೆಣ್ಣು ರೂಪ ತಾಳಿ, ಇನ್ನೊಂದು ಸೊಳ್ಳೆ ಬರಲೆಂದು ರಕ್ತದಲ್ಲೇ ಕಾಯುತ್ತವೆ. ಅವು ಜ್ವರ ತರುವುದಿಲ್ಲ. ಮಲೇರಿಯಾದ ವೈವಾಕ್ಸ್ ಬಗೆಯಲ್ಲಿ ಜ್ವರ ಹಿಡಿಯುವ ಹೊತ್ತಿಗೇ ಅವು ಸಿದ್ಧ. ಫಾಲ್ಸಿಪಾರಮ್ ಬಗೆಯಲ್ಲಿ ಹತ್ತು ಹನ್ನೆರಡು ದಿನದಲ್ಲಿ ಅರ್ಧಚಂದ್ರಾಕಾರಕ್ಕೆ ಬಂದು, ಜ್ವರ ಇಳಿದು ಆ ಮನುಷ್ಯ ಮತ್ತೆ ಬುಟ್ಟಿ ಹೊತ್ತ ಮೇಲೂ ವಾರಗಟ್ಟಲೆ ಉಳಿಯಬಲ್ಲವು. ಸೊಳ್ಳೆ ಹೀರಿದ ರಕ್ತದೊಡನೆ ಅದರ ಹೊಟ್ಟೆ ಸೇರಿದ್ದೇ ತಡ, ಗಂಡು ರೂಪ ಕಾಲುಗಂಟೆಯ ಆಸುಪಾಸಿನಲ್ಲಿ ಎಂಟು ಎಳೆಗಳಾಗಿ ಚಿಮ್ಮಿ ಹೆಣ್ಣನ್ನು ಕೂಡುತ್ತದೆ. ಸುಮಾರು ಎರಡು ವಾರದಲ್ಲಿ ಹೊಸ ಪೀಳಿಗೆ ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಮುಂದಿನ ಮೈಗೆ ಅಣಿಯಾಗುತ್ತದೆ.

ಈ ತಿಳಿವಳಿಕೆ ನಮಗೆ ಬಂದದ್ದೂ ದನಿಯಿಲ್ಲದ ಒಬ್ಬನ ನೆತ್ತರಿನಿಂದಲೇ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು, ರಕ್ತದಲ್ಲಿ ಆ ಅರ್ಧಚಂದ್ರಗಳಿದ್ದ ಹುಸೇನ್ ಖಾನ್ ಎಂಬ ರೋಗಿಯನ್ನು ಸೊಳ್ಳೆಗಳಿಂದ ಕಚ್ಚಿಸಿದರು; ಸೊಳ್ಳೆಯೊಂದಕ್ಕೆ ಅವನಿಗೆ ಕೊಟ್ಟದ್ದು ಒಂದಾಣೆ. ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರೋಪಜೀವಿ ಕಂಡಿತು, 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಹುಸೇನ್ ಖಾನನನ್ನು ನೆನೆಯುವವರು ಇಂದು ಎಷ್ಟು ಜನ? ಅವನ ನೆತ್ತರು ಕಲಿಸಿದ ಪಾಠವನ್ನಾದರೂ ಅವನಂಥವರಿಗೆ ಮುಟ್ಟಿಸಬೇಡವೇ?

ಇನ್ನು ಈ ಸೊಳ್ಳೆ ಹುಟ್ಟುವ ನೀರಿನ ಮಾತಿಗೆ ಬರೋಣ. ನಗರದ ಮಲೇರಿಯಾ ಹರಡುವ ಸ್ಟೀಫೆನ್ಸಿ ಎಂಬ ಅನಾಫಿಲಿಸ್ ಸೊಳ್ಳೆಗೆ ಬೇಕಾದದ್ದು ಗಟಾರದ ಕೊಳಕಲ್ಲ, ತಿಳಿನೀರು. 1911ರಷ್ಟು ಹಿಂದೆಯೇ ಬೆಂಟ್ಲಿ ಎಂಬ ವೈದ್ಯರು ಮುಂಬಯಿಯ ಬಾವಿಗಳನ್ನೂ ತೊಟ್ಟಿಗಳನ್ನೂ ಬೊಟ್ಟು ಮಾಡಿ ತೋರಿಸಿದ್ದರು. ಶಿಳ್‌ಫಾಟಾ, ಘೋಡ್‌ಬಂದರ್ ರೋಡ್, ಉಲ್ವೆಯ ಯಾವುದಾದರೂ ಹೊಸ ಸ್ಲ್ಯಾಬಿನ ಮೇಲೆ, ಕ್ಯೂರಿಂಗಿಗೆಂದು ಸಿಮೆಂಟಿನ ಬೆರಳೆತ್ತರದ ಬದು ಕಟ್ಟಿ ನಿಲ್ಲಿಸಿದ ನೀರನ್ನು ಬಗ್ಗಿ ನೋಡಿ: ನೀರಿನ ಮೇಲ್ಮೈಗೆ ಒತ್ತಿಕೊಂಡು ಅಡ್ಡಡ್ಡ ಮಲಗಿದ, ಕಡ್ಡಿಚೂರಿನಂಥ ಮರಿಗಳು ಅಲ್ಲಿರಬಹುದು. ಮೊಟ್ಟೆಯಿಂದ ರೆಕ್ಕೆ ಬರಲು ವಾರ, ಹತ್ತು ದಿನ ಸಾಕು. ಲಿಫ್ಟಿನ ಗುಂಡಿಯಲ್ಲಿ, ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ, ನಮ್ಮದೇ ಸೊಸೈಟಿಯ ಗಚ್ಚಿಯ ಮೇಲೆ ಮುಚ್ಚಳ ಸರಿದ ಟಾಕಿಯಲ್ಲಿ ಅದೇ ಕಥೆ. ಊರಿಂದ ಬಂದ ಕೂಲಿಯವರು ರೋಗ ತಂದರು ಎನ್ನಬೇಡಿ. ನೀರು ನಿಂತದ್ದು ನಾವು ಮುಂಗಡ ಕೊಟ್ಟ ಕಟ್ಟಡದಲ್ಲಿ. ಇದೂ ನಿಮಗೆ ಗೊತ್ತಿಲ್ಲದ ಮಾತಲ್ಲ.

ನಾಕಾದಲ್ಲಿ ನಿಂತು ಕೂಲಿ ಹುಡುಕುವವನಿಗೆ ಒಂದು ದಿನದ ರಕ್ತಪರೀಕ್ಷೆ ಎಂದರೆ ಒಂದು ದಿನದ ಅನ್ನ. ಅವನು ಅಂಗಡಿಯ ಮಾತ್ರೆ ನುಂಗಿ ನಡುಕ ಅದುಮಿಕೊಂಡು ದುಡಿಯುತ್ತಾನೆ. ವೈವಾಕ್ಸ್ ಯಕೃತ್ತಿನಲ್ಲಿ ನಿದ್ರಿಸಿ ತಿಂಗಳುಗಳ ಮೇಲೆ ಮರಳುವ ರೋಗ. ಅದನ್ನು ಬೇರುಸಹಿತ ಕೀಳಲು ವೈದ್ಯರು ಬರೆದುಕೊಟ್ಟ ಪ್ರೈಮಾಕ್ವಿನ್ 14 ದಿನವೂ ನುಂಗಬೇಕು. ಮೂರನೆಯ ದಿನ ಜ್ವರ ಬಿಟ್ಟವನಿಗೆ ಇದನ್ನು ಕೂತು ಹೇಳುವವರು ಯಾರು? ಬಸುರಿಗೆ ಆ ಮಾತ್ರೆಯನ್ನೂ ಕೊಡುವಂತಿಲ್ಲ; ಫಾಲ್ಸಿಪಾರಮ್ ತಗುಲಿದರೆ ಅದು ಮಾಸಿನಲ್ಲೇ ನೆಲೆಯೂರಿ, ಹುಟ್ಟುವ ಮುನ್ನವೇ ಕೂಸಿನ ತೂಕ ಕದಿಯುತ್ತದೆ. ಮಿದುಳಿಗೇರಿದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಆ ಕೂಸು ಯಾರ ಕಚೇರಿಗೆ ಹೋಗಿ ದೂರು ಕೊಟ್ಟೀತು? ಅದರ ತಾಯಿ ಯಾವ ಸೊಸೈಟಿಯ ಸಭೆಯಲ್ಲಿ ಎದ್ದುನಿಂತು ಮಾತಾಡಿಯಾಳು?

ನೀವು ಕಲ್ಲುಹೃದಯದವರಲ್ಲ. ನಮ್ಮ ಹಿರಿಯರೂ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಕಲಿತು ಈ ನೆಲದಲ್ಲಿ ಬೇರು ಬಿಟ್ಟವರು; ಅಂದು ಅವರಿಗೆ ಯಾರೋ ಕೈ ಹಿಡಿದರು. ಇಂದು ಕೈ ಚಾಚುವ ಸರದಿ ನಮ್ಮದು. ವಾರಕ್ಕೊಂದು ದಿನ ಡ್ರಮ್ಮು ಬರಿದು ಮಾಡಿ ಒಣಗಿಸಿ, ಟಾಕಿಯ ಮುಚ್ಚಳ ಭದ್ರಪಡಿಸಿ. ಮುಂಗಡ ಕೊಟ್ಟ ಬಿಲ್ಡರನ್ನು ಕೇಳಿ: ನಿಮ್ಮ ಕೆಲಸಗಾರರಿಗೆ ಸೊಳ್ಳೆಪರದೆ ಇದೆಯೇ, ಜ್ವರ ಬಂದ ದಿನದ ಕೂಲಿ ಸಿಗುತ್ತದೆಯೇ? ಸಂಘಗಳನ್ನು ನಡೆಸುವವರೇ, ನಾಡಹಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಆ ಪರದೆಗಳಿಗೆ ತೆಗೆದಿಡಿ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆಯೂ ಔಷಧಿಯೂ ಪುಕ್ಕಟೆ. ಮರಾಠಿ ಬಾರದೆ ಅದರ ಬಾಗಿಲಲ್ಲೇ ಅಳುಕಿ ನಿಂತವನ ಜೊತೆ ಒಳಗೆ ಹೋಗಿ, ಅವನ ಪರವಾಗಿ ಮಾತಾಡಿ, ಹದಿನಾಲ್ಕನೆಯ ಮಾತ್ರೆಯ ದಿನವೂ ಅವನನ್ನು ವಿಚಾರಿಸಿ. ಅವರ ಮಾತೂ ಈ ಊರಿನ ಮಾತೂ ಎರಡೂ ಬಲ್ಲವರು ನಾವು. ನಾವೇ ಬಾಯಿ ಬಿಡದಿದ್ದರೆ ಅವರಿಗಾಗಿ ಇಲ್ಲಿ ಇನ್ನಾರು ಕೇಳಬೇಕು?