ಬಣ್ಣ ಅರೆಯುವವನ ಮೂಗು

ಸಂಘದ ಕೆಲಸಕ್ಕೆಂದು ಪುಣೆಗೆ ಹೋದಾಗ ನಮ್ಮ ಕಿಸೆಯಲ್ಲಿ ಯಕ್ಷಗಾನದ ಬಣ್ಣದ ಚೀಟಿಯೂ ಇತ್ತು. ವರ್ಷಕ್ಕೊಂದು ಸಲ ನಮ್ಮ ಹೋಟೆಲಿನ ಹುಡುಗರೂ ಮಿಲ್ಲಿನ ಬಂಧುಗಳೂ ಸೇರಿ ವೇಷ ಕಟ್ಟುವುದು ಓದುಗರಿಗೆ ಗೊತ್ತೇ ಇದೆ. 1886ರಲ್ಲಿ ತೆರೆದ ಮಂಡಯಿಯ ಸುತ್ತಣ ಗಲ್ಲಿಗಳಲ್ಲಿ ಅಲೆದು ಒಂದು ಹಳೆಯ ಬಣ್ಣದಂಗಡಿ ಕಂಡೆವು. ಚಿತ್ರಗಾರರು, ಮೂರ್ತಿ ಮಾಡುವವರು ಬರುವ ಅಂಗಡಿ. ಗೋಣಿಗಳಲ್ಲಿ ಕಲ್ಲು, ಮಣ್ಣು, ನೀಲಿಯ ಗಟ್ಟಿ.

ಕಾವಿ ಬೇಕೆಂದೆವು. ಅಂಗಡಿಯ ಮುದುಕರು "ಗೇರೂ?" ಎಂದರು. ಜತೆಗಿದ್ದ ಕುಂದಾಪುರದವನಿಗೆ ನಗು ತಡೆಯಲಿಲ್ಲ; ಊರಲ್ಲಿ ಗೇರೆಂದರೆ ಬೀಜದ ಮರ! ಆದರೆ ಮಣ್ಣು ಅದೇ. ಅಂಕೋಲೆ ಕಡೆಯ ಹಳೇ ಗುಡಿಗಳಲ್ಲಿ ಹಸಿ ಸುಣ್ಣದ ಗಾರೆಯ ಮೇಲೆ ಬಳಿದು, ಕೆರೆದು, ಒಳಗಿನ ಬಿಳುಪು ಕಾಣುವಂತೆ ಚಿತ್ರ ತೆಗೆದದ್ದು ಈ ಕೆಂಪಿನಿಂದಲೇ.

ಅರದಾಳ, ಇಂಗಳೀಕ ಕೇಳಿದಾಗ ಮುದುಕರು "ಗೋಡೆಗೋ, ಮೈಗೋ?" ಎಂದರು. ಮುಖಕ್ಕೆ ಎಂದೊಡನೆ ಕೊಡಲು ಒಪ್ಪಲಿಲ್ಲ. ಅರದಾಳದಲ್ಲಿರುವುದು ಪಾಷಾಣ, ಇಂಗಳೀಕದಲ್ಲಿರುವುದು ಪಾದರಸ. ಹಿಂದಿನ ವೇಷಧಾರಿಗಳು ಇವನ್ನೇ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು, ನಿಜ. ಅವರ ಚರ್ಮದ ಗತಿಯೇನಾಯಿತೆಂದು ಯಾರು ವಿಚಾರಿಸಿದರು? ಸಂಪ್ರದಾಯವೆಂದು ನಮ್ಮ ಹುಡುಗರ ಮುಖಕ್ಕೆ ವಿಷ ಬಳಿಯುವುದನ್ನು ನಾವು ಒಪ್ಪಲಾರೆವು. ದಿನವಿಡೀ ಒಲೆಯ ಮುಂದೆ ಬೆಂದ ಮುಖ ಅದು. ಸತುವಿನ ಬಿಳಿ, ಕಾಡಿಗೆ, ಮೈಗೆ ಹಚ್ಚಲೆಂದೇ ತಯಾರಾದ ಕೆಂಪು ಹಳದಿ ಸಾಕು. ಬಣ್ಣದ ವೇಷದ ಗತ್ತು ಇರುವುದು ಕುಣಿತದಲ್ಲಿ.

ಇನ್ನೊಂದು ಮಾತು. ಕಾವಿಯ ಕ್ರಯಕ್ಕೆ ನಾವು ಚೌಕಾಶಿ ಮಾಡಿದೆವು. ಅರೆಯುವ ಕಷ್ಟ ನೋಡಿರೆಂದು ಮುದುಕರು ಒಳಕೋಣೆಯ ಪರದೆ ಸರಿಸಿದರು. ಅಲ್ಲೊಬ್ಬ, ಮೂಗಿಗೆ ಪಂಚೆಯ ತುಂಡೊಂದನ್ನು ಕಟ್ಟಿಕೊಂಡು, ಕಲ್ಲಿನ ಮೇಲೆ ಅರದಾಳ ಅರೆಯುತ್ತಿದ್ದ. ಕೂಲಿ ತೂಕದ ಲೆಕ್ಕದಲ್ಲಿ, ಅರೆದಷ್ಟು ಕಾಸು. ಮುಖಕ್ಕೆ ಬೇಡವೆಂದು ನಮಗೆ ಕೊಡದ ವಿಷ ಅವನ ಮೂಗಿಗೆ ಹೋಗುತ್ತಿತ್ತು. ಮುದುಕರು ಒಳ್ಳೆಯವರೇ, ಅವರಿಗದು ಹೊಳೆದಿರಲಿಲ್ಲ. ನಮಗೂ ಅಲ್ಲಿಯವರೆಗೆ ಹತ್ತು ರೂಪಾಯಿ ಇಳಿಸುವುದಷ್ಟೇ ಕಂಡಿತ್ತು. ಅಡಿಗೆಮನೆಗೆ ಹೊಗೆ ಎಳೆಯುವ ಫ್ಯಾನು ಬೇಕೆಂದು ಮಾಲಿಕರೊಡನೆ ಜಗಳಾಡಿದ ನಾವೇ!

ಕೇಳಿದ ಕ್ರಯ ಕೊಟ್ಟೆವು. ಧೂಳು ತಡೆಯುವ ಸರಿಯಾದ ಮುಖಗವಸೊಂದನ್ನು ಅವನಿಗೆ ಕೊಡಿಸಿರೆಂದು ಹೇಳಿದೆವು. "ಕೊಟ್ಟರೂ ಹಾಕುವುದಿಲ್ಲ, ಸೆಕೆ ಅನ್ನುತ್ತಾನೆ" ಎಂದರು. ಹತ್ತಿಯ ಧೂಳು ಕುಡಿದ ಮಿಲ್ಲಿನ ಬಂಧುಗಳು ಈ ಮಾತನ್ನು ಎಲ್ಲೋ ಕೇಳಿರಬಹುದು. ಮುಂದಿನ ಸಲ ಪುಣೆಗೆ ಹೋಗುವವರು ಕಾವಿ ತರಲು ಆ ಗಲ್ಲಿಗೇ ಹೋಗಲಿ. ಪರದೆಯ ಹಿಂದೆಯೂ ಒಮ್ಮೆ ನೋಡಿ ಬಂದು ನಮಗೆ ತಿಳಿಸಲಿ.